ಗುರುವಾರ, ಎರಡರಿಂದ ನಾಲ್ಕು

ಬನ್ನಿ, ಕಾಲೊರೆಸಿಕೊಂಡು ಬನ್ನಿ.
ಹಿಂದೆ ಇದು ಬೆಣ್ಣೆ ತೆಗೆಯುವ ಕಾರ್ಖಾನೆ;
ಮಳೆ ಹಿಡಿದರೆ ಗೋಡೆ ಈಗಲೂ ಹುಳಿಮಜ್ಜಿಗೆ ನಾರುತ್ತದೆ.
ಎರಡು ತಲೆಯ ಕರು ಅಲ್ಲಿದೆ, ಒಂದಕ್ಕೆ ನುಸಿ ಹಿಡಿದಿದೆ.
ಸಿಡಿಲು ಬಡಿದೂ ಬದುಕಿದ ಪಾದ್ರಿಯ ಬೂಟು ಆ ಕಪಾಟಿನಲ್ಲಿ,
ಎಡಗಾಲಿನದು ಮಾತ್ರ.
ನೆಬ್ರಾಸ್ಕದ ಮಿಕ್ಕ ಕತೆ ಹೆದ್ದಾರಿಯ ಫಲಕಗಳಲ್ಲಿ ಓದಿಕೊಳ್ಳಿ.
ನಮ್ಮದು ಯಾವ ಫಲಕದಲ್ಲೂ ಇಲ್ಲ:
ಇದು ಕೋರ್ಟು ಕದ್ದ ಊರು.

ಕೋರ್ಟಿನಲ್ಲಿ ಕದ್ದದ್ದಲ್ಲ ಸ್ವಾಮಿ, ಕೋರ್ಟನ್ನೇ.
ಕಂಬ, ಕಟಕಟೆ, ಗಂಟೆ, ಗೋಪುರ, ಜಮೀನಿನ ದಫ್ತರ,
ಸಾಕ್ಷಿಗಳು ಉಗಿಯುವ ಪೀಕದಾನಿ ಸಮೇತ.

ಹೊಳೆಯಾಚೆ ಪ್ಲಮ್ ಫೋರ್ಡ್. ಈಚೆ ನಾವು, ನ್ಯೂ ಟಾಬೋರ್.
ಎಲ್ಲಿ ಕೋರ್ಟೋ ಅಲ್ಲಿ ರೈಲು, ಎಲ್ಲಿ ರೈಲೋ ಅಲ್ಲಿ ದುಡ್ಡು.
ಮತ ಹಾಕಿದರು. ಆಚೆಯವರು ಇದ್ದದ್ದು ಇನ್ನೂರು, ಬಿದ್ದ ಮತ ಒಂಬೈನೂರು;
ಹೂತವರೂ ಮಣ್ಣು ಕೊಡವಿಕೊಂಡು ಬಂದು ಹೋದರಂತೆ.
ನಮ್ಮವರೇನು ಸಾಚಾ?
ಇನ್ನೂ ಹುಟ್ಟದವರಿಂದಲೂ ಹಾಕಿಸಿ
ಹನ್ನೊಂದರಲ್ಲಿ ಸೋತರು.

ಸಾವಿರದ ಎಂಟುನೂರ ಎಂಬತ್ತೊಂಬತ್ತು, ಜನವರಿ.
ಹೊಳೆ ಹೆಪ್ಪುಗಟ್ಟಿ ಹಾಸುಗಲ್ಲು.
ಮೂವತ್ತಾರು ಎತ್ತು, ಗೊರಸಿಗೆ ಗೋಣಿ ಸುತ್ತಿ,
ಕೆಳಗೆ ಪೈನ್ ದಿಮ್ಮಿ, ದಿಮ್ಮಿಗೆ ಹಂದಿಕೊಬ್ಬು;
ಮುಂದಿನ ಜೋಡಿಯ ಹಗ್ಗ ನನ್ನ ಮುತ್ತಜ್ಜ ವಾವ್ರಿನೆಟ್ಸನ ಕೈಲಿ.
ಬುಧವಾರ ಅದೇ ಕೋರ್ಟಿನ ದಫ್ತರದಲ್ಲಿ
ಒಟಿಲಿಯೆಯ ಹೆಸರಿನ ಪಕ್ಕ ರುಜು ಹಾಕಿದ್ದ,
ಭಾನುವಾರ ಆ ದಫ್ತರವನ್ನೇ ಎಳೆಯುತ್ತಿದ್ದ.

ಒಳಗೆ ಕಾವಲುಗಾರನ ನಿದ್ದೆ. ಅವನ ಹೆಸರನ್ನು
ಎರಡೂ ಊರು ಬೇರೆ ಬೇರೆ ಹೇಳುತ್ತವೆ,
ಗೊರಕೆಯನ್ನು ಮಾತ್ರ ಒಂದೇ ಥರ.

ನಡುಹೊಳೆಯಲ್ಲಿ ಗಂಟೆ, ಒಂದೇ ಸಲ, ಢಣ್.
ಅದರ ನಾಲಗೆಗೆ ಕಾಲುಚೀಲ ಕಟ್ಟುವುದನ್ನು ಯಾರೋ ಮರೆತಿದ್ದರು.
ಎತ್ತು ನಿಂತವು.
ಕೆಳಗೆ ಮಂಜುಗಡ್ಡೆ ಲಟಕ್ಕೆಂದಿತು.
ಮುತ್ತಜ್ಜ ಕೊಡಲಿಯೆತ್ತಿ ಹಗ್ಗ ಕಡಿದ, ದನ ಉಳಿದವು.
ಕಾವಲುಗಾರ ಕಿಟಕಿಯಿಂದ ಹಾರಿ, ಕಂಬಳಿ ಹೊದ್ದೇ,
ನಮ್ಮ ದಡಕ್ಕೆ ಓಡಿಬಂದು ಕಾಫಿ ಕೇಳಿದ.
ಕೋರ್ಟು ಮಾತ್ರ ನಿಧಾನ,
ತೀರ್ಪು ಓದುವವರ ಹಾಗೆ ನಿಧಾನವಾಗಿ
ಮೆಟ್ಟಿಲು ಮೆಟ್ಟಿಲೇ ಇಳಿಯಿತು.

ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ,
ಇಲ್ಲಿ ಗೆದ್ದವರೂ ಸೋತವರೂ ಎರಡು ದಡದಲ್ಲಿ ನಿಂತು
ಕೋರ್ಟಿಗೇ ಟೋಪಿ ತೆಗೆದರು.

ಆಮೇಲೆ ಯಾರ ಹೊಲ ಎಲ್ಲಿಗೆ, ಯಾರ ಸಾಲ ಎಷ್ಟು
ಎಲ್ಲ ಮೀನಿಗೆ ಗೊತ್ತು.
ದಫ್ತರ ತಿಂದು ಹಂದಿಯಷ್ಟು ಬೆಳೆದ ಮೀಸೆಮೀನೊಂದಿದೆಯಂತೆ,
ಹೊಟ್ಟೆ ಸೀಳಿದರೆ ಶಾಯಿಯಂತೆ.
ಬೇಲಿಯ ಜಗಳ ಬಂದರೆ ಇವತ್ತಿಗೂ ನಮ್ಮಲ್ಲಿ
'ಹೋಗಿ ಮೀನನ್ನು ಕೇಳು' ಅಂತಲೇ ಬೈಗುಳ.

ಮುತ್ತಜ್ಜಿಗೆ ಐವತ್ತು ವರ್ಷ ಅದೊಂದೇ ಆಯುಧ.
ಅವನು ಕುಡಿದು ಬಂದ ರಾತ್ರಿ, ಬಾಗಿಲಲ್ಲಿ ನಿಂತು:
'ನೋಡಯ್ಯ, ನಾನು ನಿನ್ನ ಹೆಂಡತಿ ಅನ್ನೋಕೆ ಕಾಗದವಿಲ್ಲ.
ಗಂಟುಮೂಟೆ ಕಟ್ಟಲು ನನಗೆ ಗಳಿಗೆ ಸಾಕು.'
ಒಂಬತ್ತು ಮಕ್ಕಳು.
ಇನ್ನೊಮ್ಮೆ ರುಜು ಹಾಕೋಣ ಬಾರೇ, ಅಂತ ಅವನು ಕರೆದಾಗಲೆಲ್ಲ
'ನೋಡೋಣ' ಅಂದಳು.
ಅವನ ಹೆಣದ ಪೆಟ್ಟಿಗೆಯ ಮೇಲೆ ಕೈಯಿಟ್ಟೂ
ಏನೋ ಅಂದಳಂತೆ. ಯಾರಿಗೂ ಕೇಳಿಸಲಿಲ್ಲ.

ಐವತ್ತೆಂಟರಲ್ಲಿ ಸರ್ಕಾರ ಒಬ್ಬ ಮುಳುಗುಗಾರನನ್ನು ಕಳಿಸಿತು.
ಮೂರು ದಿನ ಮುಳುಗಿ ಅವನು ತಂದದ್ದು
ಇಗೋ, ಈ ಹಿತ್ತಾಳೆಯ ಬಾಗಿಲಹಿಡಿ.
ನನಗಾಗ ಹದಿಮೂರು. ಊರೆಲ್ಲ ದಡದಲ್ಲಿತ್ತು.
ಎಂಬತ್ತೆಂಟರ ಮುತ್ತಜ್ಜಿ ಅದನ್ನು ಅಂಗೈಯಲ್ಲಿಟ್ಟು
ಒಮ್ಮೆ ಎಡಕ್ಕೆ ತಿರುಗಿಸಿದಳು, ಗಾಳಿಯಲ್ಲಿ.
'ಇದರ ನೆನಪಿಲ್ಲ ನನಗೆ,' ಅಂದಳು.
'ಅವನು ಬಾಗಿಲನ್ನು ಕಾಲಲ್ಲಿ ತಳ್ಳಿದ್ದ.
ಎರಡೂ ಕೈಯಲ್ಲಿ ನನ್ನನ್ನು ಎತ್ತಿಕೊಂಡಿದ್ದನಲ್ಲ.'

ಮುಟ್ಟಿ ನೋಡಿ, ಪರವಾಗಿಲ್ಲ.
ಬೆಚ್ಚಗಿದೆ ಅಂತ ಸಂದರ್ಶಕರ ಪುಸ್ತಕದಲ್ಲಿ ಬರೆಯಬೇಡಿ,
ಅದು ಕಿಟಕಿಯ ಬಿಸಿಲು.
ನಾಲ್ಕಾಯಿತು.
ಹೋಗುವಾಗ ಕರುವಿನ ದೀಪ ಆರಿಸಿ.